ಭುಜಕ್ಕೆ ಹಚ್ಚಿದ ಹೊನ್ನೆ ಎಣ್ಣೆ

ಹೊನ್ನೆ ಎಣ್ಣೆಯ ಕಹಿ ವಾಸನೆ ಬಂದರೆ ಇವತ್ತಿಗೂ ನನ್ನ ಬಲಭುಜ ಬೆಚ್ಚಗಾಗುತ್ತದೆ.

ಶಾಲೆ ಬಿಟ್ಟು ಅಪ್ಪನ ದೋಣಿ ಹತ್ತಿದ ವರ್ಷ ಅದು. ಬೆಳಿಗ್ಗೆ ಶರಾವತಿಯಲ್ಲಿ ಬಲೆ ಬೀಸುತ್ತಿದ್ದೆ, ಸಂಜೆ ಕಾಸರಕೋಡದ ಮರಳಿನಲ್ಲಿ ಕ್ರಿಕೆಟ್. ನನ್ನಷ್ಟು ಜೋರಾಗಿ ಚೆಂಡು ಹಾಕುವವರು ಯಾರೂ ಇರಲಿಲ್ಲ. ಒಂದು ದಿನ ಭುಜ ಊದಿತ್ತು, ಮರುದಿನವೇ ಕುಮಟೆಯ ಹುಡುಗರೊಡನೆ ಪಂದ್ಯವಿತ್ತು.

ಮಧ್ಯಾಹ್ನದ ಬಿಸಿಲು ಅಂಗಳದ ಒಣಮೀನಿನ ಮೇಲೆ ನಿದ್ದೆ ಹೋದಂತಿತ್ತು. ಅಜ್ಜಿ ಎಣ್ಣೆ ತಿಕ್ಕುತ್ತ, "ಆಟ ಸಾಕಾ ಮಗಾ, ಬಲೆ ಬೀಸೂಕೆ ಕೈ ಬೇಕಲಾ" ಎಂದಳು.

"ನೋವೇ ಇಲ್ಲ ಅಜ್ಜಿ."

ಬಲೆ ಹೆಣೆಯುತ್ತಿದ್ದ ಅಪ್ಪ ತಲೆಯೆತ್ತಿದ. "ಹೌದಾ? ಹಂಗಾರೆ ಆ ಮಾಡಿನ ಗಳ ಮುಟ್ಟು, ನೋಡ್ವಾ."

ತಲೆಯ ಮೇಲಿನ ಸೂರಿನ ಬಿದಿರಿನತ್ತ ಎತ್ತಿದ ಕೈ ಕಿವಿಯವರೆಗೂ ಏಳಲಿಲ್ಲ.

"ಆತು. ಗುಣ ಆಗೂವರೆಗೆ ಚೆಂಡು ಮುಟ್ಟೂಕಿಲ್ಲ" ಎಂದ. ಬಲೆಗೆ ಇನ್ನೊಂದು ಗಂಟು ಹಾಕಿ, "ಬಲೆನೂ ಮುಟ್ಟೂಕಿಲ್ಲ. ನಾನೊಬ್ನೇ ಹೋಗ್ತೆ" ಎಂದ.

ಸಂಜೆ ಗೆಳೆಯರು ಬೇಲಿಯಾಚೆ ನಿಂತು ಕೂಗಿದರು. ಕ್ರಿಕೆಟ್ಟೆಂದರೆ ಸೋಮಾರಿಗಳ ಆಟ ಎನ್ನುತ್ತಿದ್ದ ಅಪ್ಪ ತಾನೇ ಎದ್ದುಹೋಗಿ ಹೇಳಿದ: "ನಾಳೆ ಅಂವ ಬರೂದಿಲ್ರಾ. ನಮ್ಮ ಬೌಲರಿಗೆ ರಜೆ."