ಪಾಸ್‌ಪೋರ್ಟ್ ಚೀಲ

ಕೊರಳಲ್ಲಿದ್ದ ಪಾಸ್‌ಪೋರ್ಟ್ ಚೀಲವನ್ನು ತೆಗೆದು ವರಲಕ್ಷ್ಮಿ ಗಂಡನ ಕೊರಳಿಗೇ ಹಾಕಿಬಿಟ್ಟಳು. ಬದರಿನಾಥ ಕಕ್ಕಾಬಿಕ್ಕಿಯಾದ. ಅಮೆರಿಕದಲ್ಲಿ ವೀಸಾದ ಮೇಲಿದ್ದ ಹದಿನಾಲ್ಕು ವರ್ಷವೂ, ಯಾವ ಬೀಚಿಗೆ ಹೋದರೂ ಆ ಚೀಲ ಅವಳ ಎದೆಗೆ ಅಂಟಿಕೊಂಡೇ ಇರುತ್ತಿತ್ತು. ಅವನು ನೀರಿಗಿಳಿದರೆ ಅವಳು ಚಾಪೆಯ ಮೇಲೆ ಕೂತು ಎಲ್ಲರ ಚಪ್ಪಲಿ, ಫೋನು, ಚಿತ್ರಾನ್ನದ ಡಬ್ಬಿ ಕಾಯಬೇಕು. ಗ್ರೀನ್ ಕಾರ್ಡ್ ಬಂದ ಮೇಲಿನ ಮೊದಲ ರಜೆಗೆ ಫ್ರಾನ್ಸಿನ ನೀಸ್‌ಗೆ ಬಂದರೂ, ಅವನು ಮೊದಲು ಹುಡುಕಿದ್ದು ಅವಳು ಕೂರಲು ಒಂದು ನೆರಳು.

"ಎಲ್ಲಿಗೆ ಹೊರಟೆ?"

"ಈಜಕ್ಕೆ."

"ನಿಂಗೆಲ್ಲಿ ಈಜು ಬರತ್ತೆ?"

"ಶನಿವಾರ ಮಾರಿಸ್‌ವಿಲ್ ದೇವಸ್ಥಾನಕ್ಕೆ ಹೋದ್ರೆ ಮೂರು ಗಂಟೆ ಆಗ್ತಿತ್ತಲ್ಲ ರೀ, ಸ್ವಿಮ್ಮಿಂಗ್ ಕ್ಲಾಸ್ ಮುಗಿಸ್ಕೊಂಡು ಬರ್ತಿದ್ದೆ!"

ಉರುಟು ಕಲ್ಲುಗಳು ಅಂಗಾಲಿಗೆ ಒತ್ತುತ್ತಿದ್ದರೂ ನಿಲ್ಲದೆ ನಡೆದು ನೀರಿಗಿಳಿದಳು. ಮೊದಲ ಅಲೆಗೇ ಬಾಯಿತುಂಬ ಉಪ್ಪು. ಉಗುಳಿ, ಮತ್ತೆ ಕೈ ಬೀಸಿದಳು. ಸುಸ್ತಾದರೆ ಹಿಡಿದುಕೊಳ್ಳಲು ಇಲ್ಲಿ ಪೂಲಿನ ಅಂಚಿಲ್ಲ. ಈಜುವವರಿಗೆ ಗಡಿ ಗುರುತಾಗಿ ಮುಂದೆ ತೇಲುತ್ತಿದ್ದ ಹಳದಿ ಗೋಳವೊಂದೇ ಗುರಿ. ತೋಳು ಸೋತೇಹೋಯಿತು ಎನ್ನುವಷ್ಟರಲ್ಲಿ ಅದು ಬೆರಳಿಗೆ ತಾಕಿತು.

ಏದುಸಿರು ಬಿಡುತ್ತ ತಿರುಗಿ ನೋಡಿದಳು. ದಡದಲ್ಲಿ ಬದರಿನಾಥ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಥೇಟ್ ಇಷ್ಟು ವರ್ಷ ಅವಳು ಕಾದ ಹಾಗೆಯೇ ಕಾಯುತ್ತ ನಿಂತಿದ್ದ.

"ಸಾಕು ಬಾರೇ, ನಾನೂ ಇಳೀಬೇಕು!"

"ಇರೀಂದ್ರೆ, ಇನ್ನೊಂದು ಸುತ್ತು!" ಅವಳ ನಗು ನೀರಿನ ಮೇಲೆ ಹಾಯ್ದು ಬಂತು. "ಚಪ್ಪಲಿ ಜೋಪಾನ!"