ಒಂದು ಕೆರೆ, ಎರಡು ಪ್ರಬಂಧ

ಊರಾಚೆಯ ಕೆರೆಯ ಬಗ್ಗೆ ವಿಶ್ವವಿದ್ಯಾಲಯದಿಂದ ಒಂದೇ ತಿಂಗಳಲ್ಲಿ ಎರಡು ಸಂಶೋಧನಾ ಪ್ರಬಂಧಗಳು ಪ್ರಕಟವಾದವು. ಅದರ ನೀರಿನಲ್ಲಿ ಸೀಸ ವಿಪರೀತವಿದೆ, ಒಂದು ಮೀನೂ ಬದುಕಲಾರದು ಎಂದು ರಸಾಯನಶಾಸ್ತ್ರದ ಪ್ರೊಫೆಸರ್ ಹಂಚಿನಾಳ ಬರೆದಿದ್ದರು. ಅದೇ ಕೆರೆಯಲ್ಲಿ ಹತ್ತೊಂಬತ್ತು ಜಾತಿಯ ಮೀನುಗಳು ಸುಖವಾಗಿವೆ ಎಂದು ಪರಿಸರ ವಿಭಾಗದ ಡಾ. ಶಾಹಿದಾ ಬರೆದಿದ್ದರು.

ಕುಲಪತಿಗಳು ಇಬ್ಬರನ್ನೂ ಕರೆಸಿದರು.

"ಮಂದಿ ನಗಾಕ ಹತ್ಯಾರ. ನಿಮ್ಮಿಬ್ಬರಾಗ ಒಬ್ಬರು ಪ್ರಬಂಧ ವಾಪಸ್ ತಗೋಬೇಕು."

"ಮೀನ ನಾನೇ ಕೈಯಾರೆ ಹಿಡಿದು ಎಣಿಸೇನ್ರಿ ಸರ್," ಎಂದರು ಶಾಹಿದಾ.

ಹಂಚಿನಾಳರಿಗೆ ಸಿಟ್ಟು ಬಂತು. "ಮೂರು ವರ್ಷ ವಾರಾ ವಾರಾ ನೀರು ತರಿಸಿ ಪರೀಕ್ಷಾ ಮಾಡೇನ್ರಿ. ನನ್ನ ಫಲಿತಾಂಶ ತಪ್ಪಂಗಿಲ್ಲ!"

"ತರಿಸಿ ಅಂದ್ರ? ನೀವು ಕೆರಿಗೆ ಹೋಗಿಲ್ಲೇನು?" ಎಂದು ಕುಲಪತಿಗಳು ಕೇಳಿದರು.

"ಅದಕ್ಕ ನಮ್ಮ ಅಟೆಂಡರ್ ಭರಮಪ್ಪ ಅದಾನಲ್ರಿ."

ಭರಮಪ್ಪನಿಗೆ ಕರೆ ಹೋಯಿತು. ನಿವೃತ್ತಿಗೆ ಎರಡೇ ತಿಂಗಳು ಉಳಿದಿದ್ದ ಆತ ಒಳಗೆ ಬಂದು, ಮೂವರ ಮುಖವನ್ನೂ ನೋಡಿ, ಕೈ ಮುಗಿದ.

"ತಪ್ಪಾತ್ರಿ ಸಾಹೇಬ್ರ. ಮೊಣಕಾಲ ನೋವು, ಕೆರಿಗೆ ನಡಿಯಾಕ ಆಗತಿರಲಿಲ್ಲ. ಅದಕ್ಕ ಬಾಟ್ಲಿ ಎಲ್ಲಾ ಇಲ್ಲೇ, ನಾವೆಲ್ಲಾ ಕುಡಿಯೋ ನೀರಿನ ಟಾಕಿಯಿಂದ ತುಂಬಿ ಕೊಡತಿದ್ದೆ."