ಒಂದು ಜೋಡಿ ಬೂಟು, ಎರಡು ಹೆಸರು

ಬೂಟುಗಳಿಗೆ ನೆನಪು ಬಂದು ಹತ್ತು ವರ್ಷವಾಗಿತ್ತು. ವಿದ್ಯಾರ್ಥಿ ಕೆಡೆಟ್‌ಗಳು ಶನಿವಾರ ಅವನ್ನು ಹಲಗೆಯ ಮೇಲಿಟ್ಟರೆ ವಾರದ ಕವಾಯತೆಲ್ಲ ತಾನಾಗಿ ಅವರವರ ಡಿಜಿಟಲ್ ಪುಟಕ್ಕೆ ಏರುತ್ತಿತ್ತು. ಆ ಪುಟಗಳನ್ನು ರೂಪಿಸಿದವಳು ಹುಲಿಗೆಮ್ಮ.

ಈ ಶನಿವಾರ ದುರುಗಮ್ಮನ ಪುಟ ಕೆಂಪಾಯಿತು. ಒಂದೇ ಬೂಟಿನಲ್ಲಿ ಎರಡು ನಡಿಗೆ! ಮೋಸವೆಂದು ಪರದೆ ಸಾರಿತು. ಹುಡುಗಿಯ ಸರ್ಟಿಫಿಕೇಟು ರದ್ದಾಗುವುದರಲ್ಲಿತ್ತು.

"ಯಾರಿಗೆ ಕೊಟ್ಟಿದ್ದಿ ಯವ್ವಾ ಬೂಟು?" ಎಂದಳು ಹುಲಿಗೆಮ್ಮ.

"ತಂಗಿಗ್ರೀ ಅಕ್ಕಾರ. ಅಕಿನೂ ಕೆಡೆಟ್. ಮುಂಜಾನೆ ಪರೇಡು ನಂದು, ಸಂಜೀದು ಅಕೀದು. ಮನ್ಯಾಗ ಇರೂದು ಒಂದ ಜೋಡಿ. ಅಕಿ ಕಾಲು ಸಣ್ಣವು, ಮುಂದ ಅರಿವಿ ತುರಕತಾಳ."

"ಪಾಲಿಶ್ ಯಾರು ಹಚ್ಚೂದು?"

"ಅದಕ್ಕ ದಿನಾ ಜಗಳ್ರೀ!"

ಹುಲಿಗೆಮ್ಮ ನಕ್ಕಳು. ತಾನೂ ಅಕ್ಕನ ಬೂಟಿಗೆ ಅರಿವೆ ತುರುಕಿ ನಡೆದವಳೇ. ಅದನ್ನು ಮರೆತು, ಒಬ್ಬರಿಗೊಂದು ಜೋಡಿ ಇದ್ದೇ ಇರುತ್ತದೆಂದು ಉಳ್ಳವರ ಹಾಗೆ ನಂಬಿ ಪುಟ ಕಟ್ಟಿದ್ದಳು. ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು. 'ಮೋಸ' ಎಂಬ ಪದವನ್ನೇ ಅಳಿಸಿ, ಬೂಟಿನ ಒಡತಿಯ ಹೆಸರಿನ ಜಾಗವನ್ನು ಎರಡು ಹೆಸರು ಹಿಡಿಯುವಷ್ಟು ಅಗಲ ಮಾಡಿದಳು.

"ತಂಗಿ ಹೆಸರು ಹೇಳು."

"ಗಂಗವ್ವ ರೀ."

ಪುಟ ಹಸಿರಾಯಿತು. ದುರುಗಮ್ಮ ಬೂಟುಗಳನ್ನು ಕಂಕುಳಲ್ಲಿ ಅವುಚಿಕೊಂಡು ಬರಿಗಾಲಲ್ಲೇ ಓಡಿದಳು. ಸಂಜೆಯ ಪರೇಡಿಗೆ ಹೊತ್ತಾಗಿತ್ತು, ತಂಗಿ ಕಾಯುತ್ತಿದ್ದಳು.